ಕಛೇರಿಗೆ ತಕ್ಕವರು ಯಾರು?

ಕಛೇರಿಯೊಂದರಲ್ಲಿ ಒಂದು ಸ್ಥಾನವು ತೆರವಾದರೆ ಅದಕ್ಕೆ ಯಾರನ್ನು ನೇಮಿಸತಕ್ಕದ್ದು ಎಂಬ ಪ್ರಶ್ನೆಯು ರಾಜ್ಯಶಾಸ್ತ್ರದಷ್ಟೇ ಹಳೆಯದು. ಅಭ್ಯರ್ಥಿಯ ಪದವಿಪತ್ರಕ್ಕಿಂತ ಅವನ ಕೌಶಲವನ್ನು ನೋಡಬೇಕೆಂದೂ, ಒಂದೇ ವರ್ಗದವರಿಂದ ಕಛೇರಿಯನ್ನು ತುಂಬದೆ ನಾನಾ ಕುಲದವರನ್ನೂ, ಸ್ತ್ರೀಪುರುಷರಿಬ್ಬರನ್ನೂ, ತರುಣರನ್ನೂ ಹಿರಿಯರನ್ನೂ ಕೂಡಿಸಬೇಕೆಂದೂ ಉದ್ಯಮಗಳನ್ನು ನಡೆಸತಕ್ಕವರು ಈಚೆಗೆ ಬಹಳವಾಗಿ ಹೇಳುತ್ತಿರುವರು. ಇದನ್ನು ಕೇಳಿದ ವಿದ್ಯಾವಂತ ಗೃಹಸ್ಥರಲ್ಲಿ ಕೆಲವರು, "ಕೌಶಲವನ್ನು ನೋಡುವುದಾದರೆ ಕುಲವನ್ನೂ ವಯಸ್ಸನ್ನೂ ಏಕೆ ನೋಡಬೇಕು? ಅವನ್ನು ನೋಡುವುದಾದರೆ ಕೌಶಲದ ಮಾತೇಕೆ?" ಎಂದು ಆಕ್ಷೇಪಿಸುವುದುಂಟು. ಈ ಆಕ್ಷೇಪವು ಮೇಲುನೋಟಕ್ಕೆ ಬಲವಾಗಿಯೇ ಕಾಣುವುದು. ಆದಕಾರಣ ಅದನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸುವುದು ಯುಕ್ತ.

ಈ ವಿಚಾರದಲ್ಲಿ ಮೊದಲು ನೆನೆಯತಕ್ಕ ಗ್ರಂಥವು ಕೌಟಿಲ್ಯನ ಅರ್ಥಶಾಸ್ತ್ರ. ಬಹುಕಾಲ ಹೆಸರು ಮಾತ್ರ ಉಳಿದಿದ್ದ ಈ ಗ್ರಂಥದ ತಾಳೆಯೋಲೆಯ ಪ್ರತಿಯೊಂದು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅವರಿಂದಲೇ ಪ್ರಕಟವಾಯಿತು. ಅದರ ಮೊದಲನೆಯ ಅಧಿಕರಣದಲ್ಲಿ ಅಮಾತ್ಯರ ನೇಮಕವನ್ನು ಕುರಿತು ಸೊಗಸಾದ ಒಂದು ವಾದವಿದೆ. ರಾಜನು ತನ್ನ ಸಹಪಾಠಿಗಳನ್ನು ನೇಮಿಸಲಿ, ಅವರ ಶುಚಿತ್ವವನ್ನೂ ಶಕ್ತಿಯನ್ನೂ ಅವನು ಬಲ್ಲನು ಎಂದು ಭಾರದ್ವಾಜನ ಮತ. ಒಟ್ಟಿಗೆ ಆಡಿ ಬೆಳೆದವರು ರಾಜನನ್ನು ಲಕ್ಷಿಸರು. ಅವನ ಗುಟ್ಟನ್ನು ಬಲ್ಲ ಸಮಾನಶೀಲರೇ ಲೇಸು ಎಂದು ವಿಶಾಲಾಕ್ಷನು ಹೇಳುವನು. ಗುಟ್ಟು ಬಲ್ಲವರಿಗೆ ರಾಜನೇ ಅಂಜಿ ನಡೆಯಬೇಕಾದೀತು. ಪ್ರಾಣಾಪಾಯದಲ್ಲಿ ಕಾಪಾಡಿದವರನ್ನು ಆರಿಸಲಿ ಎಂದು ಪರಾಶರನು. ಅದು ಭಕ್ತಿಯೇ ಹೊರತು ಬುದ್ಧಿಯಲ್ಲ. ವಹಿಸಿದ ಕೆಲಸದಲ್ಲಿ ಗೊತ್ತುಮಾಡಿದ ಆದಾಯವನ್ನೋ ಅದಕ್ಕಿಂತ ಹೆಚ್ಚನ್ನೋ ತಂದವರೇ ಯೋಗ್ಯರು ಎಂದು ಪಿಶುನನು. ಅಂಥವರಲ್ಲಿ ಉಳಿದ ಗುಣಗಳು ಕಾಣವು. ತಂದೆತಾತಂದಿರ ಕಾಲದಿಂದ ಬಂದವರನ್ನು ಇಟ್ಟುಕೊಳ್ಳಲಿ ಎಂದು ಕೌಣಪದಂತನು. ಅವರು ಎಲ್ಲವನ್ನೂ ಕೈವಶಮಾಡಿಕೊಂಡು ತಾವೇ ಒಡೆಯರಂತೆ ನಡೆಯುವರು. ನೀತಿಯನ್ನು ಬಲ್ಲ ಹೊಸಬರನ್ನು ತರಲಿ ಎಂದು ವಾತವ್ಯಾಧಿಯು. ಶಾಸ್ತ್ರವನ್ನು ಬಲ್ಲರೂ ಕೆಲಸವನ್ನು ಕಾಣದ ಹೊಸಬರು ಎಡವುವರು. ಕುಲ, ಪ್ರಜ್ಞೆ, ಶೌಚ, ಶೌರ್ಯ, ಅನುರಾಗ ಇವುಳ್ಳವರನ್ನು ನೇಮಿಸಲಿ ಎಂದು ಬಾಹುದಂತೀಪುತ್ರನು.

ಇಷ್ಟೆಲ್ಲವನ್ನೂ ಕೇಳಿ ಕೌಟಿಲ್ಯನು ಯಾರನ್ನೂ ತಳ್ಳಿಹಾಕುವುದಿಲ್ಲ. ಒಬ್ಬೊಬ್ಬರ ಮಾತಿನಲ್ಲಿಯೂ ಯುಕ್ತಿಯಿದೆ. ಆದರೆ ಮನುಷ್ಯನ ಸಾಮರ್ಥ್ಯವು ಕಾರ್ಯದಲ್ಲಿ ತೋರುವ ಸಾಮರ್ಥ್ಯದಿಂದಲೇ ನಿಶ್ಚಯವಾಗತಕ್ಕದ್ದು. ದೇಶ, ಕಾಲ, ಕೆಲಸ ಇವನ್ನು ನೋಡಿ ಅಧಿಕಾರವನ್ನು ಹಂಚಿ ಇವರೆಲ್ಲರನ್ನೂ ಅಮಾತ್ಯರನ್ನಾಗಿ ಮಾಡಬಹುದು ಎಂಬುದು ಅವನ ನಿರ್ಣಯ. ಪರೀಕ್ಷೆಯ ಕ್ರಮವನ್ನೂ ಅವನು ವಿವರಿಸುವನು. ವಿದ್ಯೆಯನ್ನು ಅದೇ ವಿದ್ಯೆಯನ್ನು ಬಲ್ಲವರಿಂದ ತಿಳಿಯಬೇಕು. ಪ್ರಜ್ಞೆಯನ್ನೂ ದಕ್ಷತೆಯನ್ನೂ ಕೈಕೊಂಡ ಕೆಲಸದಲ್ಲಿ, ಉತ್ಸಾಹವನ್ನು ಆಪತ್ತಿನಲ್ಲಿ, ಶೌಚವನ್ನು ವ್ಯವಹಾರದಲ್ಲಿ, ಶೀಲವನ್ನು ಜೊತೆಯಲ್ಲಿ ವಾಸಿಸುವವರಿಂದ ಅರಿಯಬೇಕು. ನೇಮಿಸಿದ ಮೇಲೂ ಪರೀಕ್ಷೆಯು ಮುಗಿಯಲಿಲ್ಲ. ಹೂಡಿದ ಕುದುರೆಯಂತೆ ಮನುಷ್ಯನೂ ಕೆಲಸಕ್ಕೆ ತೊಡಗಿದ ಬಳಿಕ ಬದಲಾಗಬಹುದಾದ್ದರಿಂದ ನಿತ್ಯವೂ ನೋಡುತ್ತಿರಬೇಕು. ಇಂದು ಕೌಶಲವನ್ನು ನೋಡಿ ನೇಮಿಸಬೇಕೆನ್ನುವವರು ಇದಕ್ಕಿಂತ ಹೆಚ್ಚಿನದೇನನ್ನೂ ಹೇಳಿಲ್ಲ.

ಆದರೂ ಇಲ್ಲಿ ಒಂದು ತೊಡಕುಂಟು. ಸಾಮರ್ಥ್ಯವು ಕಾರ್ಯದಿಂದ ತಿಳಿಯತಕ್ಕದ್ದಾದರೆ, ಯಾರ ಕೈಗೆ ಕಾರ್ಯವನ್ನು ಕೊಟ್ಟೇ ಇಲ್ಲವೋ ಅವರ ಸಾಮರ್ಥ್ಯವು ತಿಳಿಯುವುದು ಹೇಗೆ? ಕೌಟಿಲ್ಯನೂ ಅಮಾತ್ಯನ ಗುಣಗಳನ್ನು ಎಣಿಸುವಾಗ ಸ್ವದೇಶದವನು, ಸತ್ಕುಲದವನು ಎಂದೇ ಆರಂಭಿಸುವನು. ತಾನು ಕಂಡ ತತ್ತ್ವವು ತನ್ನ ಕಾಲದ ಎಲ್ಲೆಯನ್ನು ಮೀರಿದ್ದುದು ಅವನಿಗೆ ತೋರಲಿಲ್ಲ.

ಪರೀಕ್ಷೆಯನ್ನಿಟ್ಟುಬಿಟ್ಟರೆ ಈ ತೊಡಕು ತಾನಾಗಿ ಬಿಡುವುದೆಂದು ಹತ್ತೊಂಬತ್ತನೆಯ ಶತಮಾನದವರು ನಂಬಿದರು. ಇಂಡಿಯನ್ ಸಿವಿಲ್ ಸರ್ವಿಸಿಗೆ 1855ರಲ್ಲಿ ಸ್ಪರ್ಧಾಪರೀಕ್ಷೆ ಮೊದಲಾಯಿತು. ಶಿಫಾರಸಿಗೆ ಬದಲಾಗಿ ಯೋಗ್ಯತೆಯೇ ಪ್ರಮಾಣವೆಂದು ಸಾರಿದರು. ಆದರೆ ಪರೀಕ್ಷೆಯು ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ. 1870ರ ದಶಕದಲ್ಲಿ ಅಭ್ಯರ್ಥಿಯ ವಯೋಮಿತಿಯನ್ನು 19 ವರ್ಷಕ್ಕೆ ಇಳಿಸಿದರು. ಹಡಗಿನ ವೆಚ್ಚವನ್ನು ಕೊಡಲಾರದ ಮನೆಯ ಬುದ್ಧಿವಂತನು ಯಾವ ಪ್ರಶ್ನೆಗೂ ತಪ್ಪು ಉತ್ತರವನ್ನು ಬರೆಯದೆಯೇ ಸೋತನು. ಇಂಡಿಯಾದಲ್ಲಿಯೂ ಆ ಪರೀಕ್ಷೆ ನಡೆಯತೊಡಗಿದ್ದು 1922ರಲ್ಲಿ.

ಮೈಸೂರು ಸಂಸ್ಥಾನದಲ್ಲಿಯೂ ಇದೇ ಚರ್ಚೆಯು ಬೇರೊಂದು ರೂಪದಲ್ಲಿ ಎದ್ದಿತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆಯು ಏರ್ಪಟ್ಟಿತು. ಇಂಗ್ಲಿಷು ವಿದ್ಯೆಯು ಯಾರ ಮನೆಗಳಲ್ಲಿ ಮೊದಲು ನೆಲಸಿತ್ತೋ ಅವರೇ, ಎಂದರೆ ಬಹುಮಟ್ಟಿಗೆ ಬ್ರಾಹ್ಮಣರೇ, ದೊಡ್ಡ ಹುದ್ದೆಗಳಲ್ಲಿ ತುಂಬಿಕೊಂಡರು. ಉಳಿದ ಸಮಾಜಗಳವರು ಮಹಾರಾಜರಲ್ಲಿ ಬಿನ್ನವಿಸಿಕೊಂಡ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ಮಾರ್ಗವು ಸಮ್ಮತವಾಗಲಿಲ್ಲ. ವಿದ್ಯೆಯನ್ನು ಎಲ್ಲೆಡೆಯೂ ಹರಡಿದರೆ ಯೋಗ್ಯತೆಯು ತಾನಾಗಿ ಎಲ್ಲೆಡೆಯೂ ಬೆಳೆಯುವುದೆಂದು ಅವರ ನಂಬಿಕೆ. ಕಡ್ಡಾಯ ಪ್ರಾಥಮಿಕ ಶಿಕ್ಷಣದ 1913ರ ಶಾಸನಕ್ಕೂ 1916ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಕ್ಕೂ ಕಾರಣರಾದವರ ಈ ಮಾತನ್ನು ಸ್ವಾರ್ಥವೆಂದು ತಳ್ಳುವುದು ಅನ್ಯಾಯ. ಆದರೆ ಮಿಲ್ಲರ್ ಸಮಿತಿಯು 1919ರ ತನ್ನ ವರದಿಯಲ್ಲಿ ಇನ್ನೊಂದು ಮಾತನ್ನು ಮುಂದಿಟ್ಟಿತು. ಅಧಿಕಾರಿಯ ದಕ್ಷತೆಯನ್ನು ಪುಸ್ತಕದ ವಿದ್ಯೆಯೊಂದರಿಂದಲೇ ಅಳೆಯಲಾಗದು. ಜನರಲ್ಲಿ ಅನುಕಂಪ, ಪ್ರಾಮಾಣಿಕತೆ, ಉತ್ಸಾಹ, ವ್ಯವಹಾರಜ್ಞಾನ ಇವೂ ದಕ್ಷತೆಯ ಅಂಗಗಳೇ. ಏಳು ವರ್ಷಗಳೊಳಗೆ ದೊಡ್ಡ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟೂ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಷ್ಟೂ ಇತರ ಸಮಾಜಗಳವರಿಗೆ ದೊರೆಯುವಂತಾಗಬೇಕೆಂದು ಅದು ಸೂಚಿಸಿತು. ಇದು ಕೌಶಲವನ್ನು ಕೈಬಿಟ್ಟ ಮಾತಲ್ಲ. ಕೌಶಲವೆಂಬ ಶಬ್ದದ ಅರ್ಥವನ್ನು ಅದು ವಿಸ್ತರಿಸಿತು; ಅದನ್ನು ತೋರಿಸಲು ಅವಕಾಶವಿಲ್ಲದವರಿಗೆ ಅವಕಾಶವನ್ನು ಕೇಳಿತು.

ಬಾಗಿಲು ತೆರೆದರೂ ಒಳಗೆ ಅಡ್ಡಗೋಡೆಗಳಿರಬಹುದೆಂಬುದಕ್ಕೆ ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರ ವೃತ್ತಾಂತವೇ ಸಾಕ್ಷಿ. ಪರೀಕ್ಷೆಯಲ್ಲಿ ತೇರ್ಗಡೆಹೊಂದಿ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆ ಅವರು. ಆ ಸೇವೆಯ ನಿಯಮದಂತೆ ಸ್ತ್ರೀಯು ವಿವಾಹವಾಗಬೇಕಾದರೆ ಸರಕಾರದ ಅನುಮತಿಯನ್ನು ಪಡೆಯಬೇಕಾಗಿತ್ತು. ಸಂಸಾರದ ಭಾರವು ಕೆಲಸಕ್ಕೆ ಅಡ್ಡಿಯೆಂದು ತೋರಿದರೆ ರಾಜೀನಾಮೆಯನ್ನು ಕೊಡಬೇಕಾಗಿ ಬರಬಹುದಾಗಿತ್ತು. ಪುರುಷನಿಗೆ ಸಂಸಾರವೇ ಇಲ್ಲವೆಂಬಂತೆ ಅವನಿಗೆ ಈ ನಿಯಮವು ಅನ್ವಯಿಸಲಿಲ್ಲ. 1970ರಲ್ಲಿ ಹಂಗೆರಿಗೆ ರಾಯಭಾರಿಯಾಗಿ ಹೋಗಿದ್ದವರಿಗೇ ಮುಂದೆ ಬಡ್ತಿಯು ತಪ್ಪಿದಾಗ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ವ್ಯಾಜ್ಯವು ನಡೆಯುತ್ತಿರುವಾಗಲೇ ಬಡ್ತಿಯು ದೊರೆತದ್ದರಿಂದ ಅರ್ಜಿಯು ಮುಕ್ತಾಯವಾಯಿತಾದರೂ, 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರವರು ಇಂಥ ಪಕ್ಷಪಾತದ ನಿಯಮಗಳನ್ನು ತೆಗೆದುಹಾಕಬೇಕೆಂದು ಕಟುವಾಗಿ ಹೇಳಿದರು. ಪರೀಕ್ಷೆಯಲ್ಲಿಯೂ ಕಾರ್ಯದಲ್ಲಿಯೂ ಸಿದ್ಧವಾದ ಸಾಮರ್ಥ್ಯಕ್ಕೆ ಇನ್ನೂ ಒಂದು ತೀರ್ಪು ಬೇಕಾಯಿತು!

ಇನ್ನು ವಯಸ್ಸಿನ ಮಾತು. ಕೌಣಪದಂತನ ವಂಶಪಾರಂಪರ್ಯಕ್ಕೂ ವಾತವ್ಯಾಧಿಯ ಹೊಸಬರಿಗೂ ಕರ್ನಾಟಕದ ಕಂದಾಯದ ಇಲಾಖೆಯಲ್ಲಿ ಒಳ್ಳೆಯ ದೃಷ್ಟಾಂತವು ದೊರೆಯುವುದು. ಹಳ್ಳಿಯ ಲೆಕ್ಕವನ್ನು ತಲೆತಲಾಂತರದಿಂದ ಬರೆದುಕೊಂಡು ಬಂದವರು ಶಾನುಭೋಗರು. ಯಾವ ಹೊಲದ ಎಲ್ಲೆ ಯಾವ ಬದುವಿನವರೆಗೆ, ಯಾವ ಭೂಮಿ ಯಾವ ಪಾಲಿನಲ್ಲಿ ಯಾರಿಗೆ ಬಂದಿತು ಎಂಬುದೆಲ್ಲ ಅವರಿಗೆ ಬಾಯಿಪಾಠ. ಆದರೆ ಲೆಕ್ಕದ ಪುಸ್ತಕವು ಯಾರ ಮನೆಯ ಪೆಟ್ಟಿಗೆಯಲ್ಲಿತ್ತೋ ಅವರಿಗೆ ರೈತನು ಕೈಮುಗಿದು ನಿಲ್ಲಬೇಕಾಗಿದ್ದುದೂ ನಿಜ. 1961ರ ಶಾಸನವು 1963ರಲ್ಲಿ ಜಾರಿಗೆ ಬಂದು ಈ ವಂಶಾನುಗತ ಅಧಿಕಾರವು ನಿಂತಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಬಳಿಕ 2000ನೆಯ ಇಸವಿಯ ಸುಮಾರಿಗೆ 'ಭೂಮಿ' ಯೋಜನೆಯು ಬಂದು, ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಏರಿಸಿದ ಬೆರಳುಗಳು ಯಂತ್ರವನ್ನು ಬಲ್ಲವರವು. ಏರಿಸಿದ್ದನ್ನು ಮೂಲದೊಡನೆ ತಾಳೆನೋಡಿ ತಿದ್ದಿದ ಕಣ್ಣುಗಳು ಹಳ್ಳಿಯ ಲೆಕ್ಕದಲ್ಲಿ ಪಳಗಿದ ಗ್ರಾಮಲೆಕ್ಕಿಗರವು. ತಾಲ್ಲೂಕು ಕಛೇರಿಯ ಕಿಟಕಿಯಲ್ಲಿ ಕೂರಲು ಹೊಸದಾಗಿ ನೇಮಕವಾದವರಿಗೆ ತರಬೇತು ಕೊಟ್ಟರು. ಹಿರಿಯರಷ್ಟೇ ಇದ್ದಿದ್ದರೆ ಯಂತ್ರವು ಮೂಲೆ ಸೇರುತ್ತಿತ್ತು. ಕಿರಿಯರಷ್ಟೇ ಇದ್ದಿದ್ದರೆ ಹಳೆಯ ತಪ್ಪುಗಳು ಹೊಸ ಅಕ್ಷರದಲ್ಲಿ ಸ್ಥಿರವಾಗುತ್ತಿದ್ದವು.

ಮೊದಲಿನ ಆಕ್ಷೇಪಕ್ಕೆ ಸಮಾಧಾನವು ಇಷ್ಟರಿಂದ ದೊರೆಯುವುದು. ಕುಲವನ್ನೂ ಲಿಂಗವನ್ನೂ ವಯಸ್ಸನ್ನೂ ಗಮನಿಸಬೇಕಾಗಿರುವುದು, ಅವುಗಳ ಮರೆಯಲ್ಲಿ ಯಾರ ಕೌಶಲವು ಕಾಣದೆ ಉಳಿದಿದೆಯೋ ಅದನ್ನು ಕಾಣುವುದಕ್ಕಾಗಿ. ಬಂದವರನ್ನು ಮಾತ್ರ ಪರೀಕ್ಷಿಸಿ, ಬರಲಾರದೆ ಹೋದವರು ಯಾರೆಂದು ಕೇಳದ ಕಛೇರಿಯು ಅರ್ಧ ಪರೀಕ್ಷೆಯನ್ನೇ ಮಾಡಿದಂತಾಯಿತು. ಹಾಗೆಯೇ ನಾನಾ ಬಗೆಯವರನ್ನು ಕೂಡಿಸಿ, ಅವರವರಿಗೆ ತಕ್ಕ ಕೆಲಸವನ್ನೂ ಬಡ್ತಿಯನ್ನೂ ಕೊಡದ ಕಛೇರಿಯು ಲೆಕ್ಕವನ್ನು ತುಂಬಿತೇ ಹೊರತು ಸ್ಥಾನವನ್ನು ತುಂಬಲಿಲ್ಲ.

ವಿದ್ಯಾವಂತರ ಮನೆಗಳಲ್ಲಿ ಇಂದು ಕೆಲಸವನ್ನು ಅರಸುವವರಷ್ಟೇ ಅಲ್ಲ, ಕೆಲಸವನ್ನು ಕೊಡತಕ್ಕ ಸ್ಥಾನದಲ್ಲಿ ಕುಳಿತವರೂ ಉಂಟು. ಅಂಥವರು ತಮ್ಮ ಮುಂದಿರುವ ಅರ್ಜಿಗಳ ಕಟ್ಟನ್ನು ಬಿಚ್ಚುವಾಗ, ಅದರಲ್ಲಿ ಯಾರ ಅರ್ಜಿಯೇ ಇಲ್ಲವೆಂಬುದನ್ನೂ ಒಮ್ಮೆ ಎಣಿಸಿ ನೋಡುವುದಾದರೆ, ಆಯ್ಕೆಯು ಸ್ವಲ್ಪ ನಿಧಾನವಾದೀತು. ಆದರೆ ಕಾರ್ಯವು ಕೆಡದು.