ಗೋರಂಟಿ ಏರುವ ಹೊತ್ತು

ಕೋನಿನ ತುದಿ ಚರ್ಮಕ್ಕೆ ತಾಗಬಾರದು. ಗೋರಂಟಿ ಹಾಕುವುದನ್ನು ಕಲಿಯಲು ಬರುವ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ತುದಿಯನ್ನು ಅಂಗೈಯಿಂದ ಅಕ್ಕಿಕಾಳಿನಷ್ಟು ಮೇಲೆ ಹಿಡಿದು ಮೆಲ್ಲಗೆ ಒತ್ತುತ್ತ ಹೋದರೆ, ರಂಗೋಲಿ ಪುಡಿ ಬೆರಳ ಸಂದಿಯಿಂದ ಇಳಿಯುವಂತೆ ಎಳೆ ತಾನಾಗಿ ಇಳಿದು ಕೂರುತ್ತದೆ. ತಾಗಿಸಿ ಗೀಚಿದರೆ ಎಳೆ ಚಪ್ಪಟೆಯಾಗುತ್ತದೆ, ಬಣ್ಣವೂ ಪೇಲವವಾಗುತ್ತದೆ. ಎಳೆ ದುಂಡಗೆ ಉಬ್ಬಿಕೊಂಡು ಬಿದ್ದಾಗ ಬಳ್ಳಿಯ ಒಂದು ಸುರುಳಿ, ಅದರ ಬೆನ್ನಿಗೊಂದು ಎಲೆ, ಎಲೆಯೊಳಗೆ ನವುರು ಗೆರೆ, ಮಣಿಕಟ್ಟಿನ ಹತ್ತಿರ ಒಂದು ಮಾವಿನಕಾಯಿ, ಹೀಗೆ ಕೈ ತುಂಬುತ್ತ ಹೋಗುತ್ತದೆ. ಅದನ್ನು ನೋಡುವ ಸುಖಕ್ಕೆ ನನಗೆ ಇನ್ನೂ ಸಾಟಿ ಸಿಕ್ಕಿಲ್ಲ.

ಆ ಸುಖ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ನಾನು ತರಿಸುವ ಪುಡಿ ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್‌ನದು. ಅಲ್ಲಿಯ ಮೆಹಂದಿಗೆ 2021ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಪುಡಿಯನ್ನು ವಸ್ತ್ರಗಾಳಿತ ಮಾಡಿ ನಿಂಬೆರಸದಲ್ಲಿ ಕಲಸಿ ಮುಚ್ಚಿಡುತ್ತೇನೆ. ಎಲೆಯೊಳಗಿನ ಬಣ್ಣವನ್ನು ಹುಳಿ ಹದವಾಗಿ ಬಿಡಿಸುತ್ತದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆಲ್ಲ ಕಂದು, ಚಮಚ ಹಾಕಿ ತಿರುವಿದರೆ ಒಳಗೆ ಇನ್ನೂ ಹಸಿರು. ಬಣ್ಣ ಬಿಟ್ಟಿದೆ ಎನ್ನುವುದಕ್ಕೆ ಅದೇ ಗುರುತು. ಆಮೇಲೆ ಒಂದಿಷ್ಟು ಸಕ್ಕರೆ, ಕೈ ಮೇಲೆ ಒಣಗಿ ಬೇಗ ಉದುರದಿರಲಿ ಎಂದು. ನಾಲ್ಕು ಹನಿ ನೀಲಗಿರಿ ಎಣ್ಣೆ, ಬಣ್ಣ ಗಾಢವಾಗಲಿ ಎಂದು. ಚಮಚದಿಂದ ಎತ್ತಿ ಬಿಟ್ಟರೆ ಕಡಿಯದೆ ಉದ್ದಕ್ಕೆ ಇಳಿಯಬೇಕು. ಆ ಹದ ಬಂತೆಂದರೆ ಮನೆಯೆಲ್ಲ ಹಸಿ ಹುಲ್ಲಿನ, ನಿಂಬೆಯ, ನೀಲಗಿರಿಯ ವಾಸನೆ.

ನನ್ನ ಅಜ್ಜಿಯ ಕಾಲದವರಿಗೆ ಪುಡಿಯೂ ಇರಲಿಲ್ಲ, ಕೋನೂ ಇರಲಿಲ್ಲ. ಮಳೆಗೆ ಚಿಗುರಿದ ಗಿಡದಿಂದ ಸೊಪ್ಪು ತರಿದು, ಹುಣಸೆಹಣ್ಣು, ಅಡಿಕೆಚೂರು ಸೇರಿಸಿ ಒರಳಲ್ಲಿ ನುಣ್ಣಗೆ ರುಬ್ಬುವುದು. ಅಂಗೈ ನಡುವೆ ದುಂಡಗೆ ಒಂದು ಬೊಟ್ಟು, ಸುತ್ತ ಪುಟ್ಟ ಚುಕ್ಕೆಗಳು, ಬೆರಳ ತುದಿಗೆಲ್ಲ ಟೋಪಿ. ಅಷ್ಟೇ ಚಿತ್ತಾರ. ಎಷ್ಟೆಲ್ಲ ಡಿಸೈನುಗಳು ಬಂದರೂ ನನಗೆ ಈ ಬೊಟ್ಟಿನ ಮೇಲೆ ಮೋಹ ಹೋಗಿಲ್ಲ. ಅಲ್ಲಿ ಕೈಚಳಕಕ್ಕೆ ಕೆಲಸ ಕಡಿಮೆ, ಬಣ್ಣವೇ ಎಲ್ಲ.

ಆ ಬಣ್ಣಕ್ಕೆ ಅವಸರ ಮಾಡಿದರೆ ಆಗದು. ಗೋರಂಟಿ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಚರ್ಮದ ಕೆರಟಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಒಣಗಿದ ಹೆಂಟೆಯನ್ನು ನೀರು ಸೋಕಿಸದೆ ಕೆರೆದು ಉದುರಿಸಿದಾಗ ಕಾಣುವುದು ಬರಿಯ ಕಿತ್ತಳೆ. ಮೊದಲ ಸಲ ಹಾಕಿಸಿಕೊಂಡವರ ಮುಖ ಅಲ್ಲಿಗೆ ಚಿಕ್ಕದಾಗುತ್ತದೆ. "ನಾಳೆವರೆಗೆ ತಾಳಮ್ಮ, ಏರುತ್ತೆ" ಎನ್ನುತ್ತೇನೆ. ಗಾಳಿ ತಾಗುತ್ತ ಹೋದಂತೆ ಕಿತ್ತಳೆ ಕೆಂಪಾಗಿ, ಕೆಂಪು ಕಗ್ಗೆಂಪಾಗಿ, ಎರಡು ದಿನಕ್ಕೆ ಕಾಫಿಬಣ್ಣದ ಅಂಚಿಗೆ ಬಂದು ನಿಲ್ಲುತ್ತದೆ. ಅಂಗೈ, ಅಂಗಾಲುಗಳ ಚರ್ಮ ದಪ್ಪ. ಅಲ್ಲಿ ಬಣ್ಣ ಚೆನ್ನಾಗಿ ಕೂರುತ್ತದೆ. ಮುಂಗೈ ಮೇಲೆ ಅದೇ ಗೋರಂಟಿ ಒಂದು ಮಟ್ಟ ತಿಳಿಯಾಗಿಯೇ ಉಳಿಯುತ್ತದೆ. ಬಣ್ಣ ಕಡುವಾದರೆ ಗಂಡನಿಗೆ ಪ್ರೀತಿ ಹೆಚ್ಚು ಎಂದು ಹಿರಿಯರು ಮದುಮಗಳನ್ನು ಛೇಡಿಸುತ್ತಾರೆ. ಅವಳು ನಾಚುತ್ತಲೇ ಅಂಗೈಯನ್ನು ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ನೋಡಿಕೊಳ್ಳುತ್ತಾಳೆ.

ಎರಡೂ ಕೈಗೆ ಹಾಕಿಸಿಕೊಂಡವಳು ಗೋರಂಟಿ ಒಣಗುವವರೆಗೆ ಏನೂ ಮಾಡುವಂತಿಲ್ಲ. ಸದಾ ಮನೆಯವರಿಗೆಲ್ಲ ಬಡಿಸುವ ಹೆಂಗಸಿಗೆ ಅವತ್ತು ತಂಗಿ ತುತ್ತು ಕಲಸಿ ತಿನ್ನಿಸುತ್ತಾಳೆ, ಮಗಳು ಮುಖದ ಮೇಲಿನ ಕೂದಲು ಸರಿಸುತ್ತಾಳೆ. ಕರಾವಳಿಯ ಮದುವೆಮನೆಗಳಲ್ಲಿ ಹಿಂದಿನ ದಿನದ ಮದರಂಗಿ ಶಾಸ್ತ್ರಕ್ಕೆ ಬಂಧುಬಳಗವೆಲ್ಲ ನೆರೆಯುತ್ತದೆ. ಅರಬ್ ನಾಡುಗಳಲ್ಲೂ ಮದುವೆ, ಹೆರಿಗೆ, ಹಬ್ಬಗಳಿಗೆ ಇದು ಬೇಕೇ ಬೇಕು. 16 ದೇಶಗಳು ಒಟ್ಟಾಗಿ ಕೇಳಿಕೊಂಡು 2024ರಲ್ಲಿ ಈ ಆಚರಣೆಗಳನ್ನು ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದವು.

ಹಚ್ಚೆಯ ದಾರಿ ಬೇರೆ. ನಮ್ಮೂರುಗಳಲ್ಲಿ ಕೊರವಂಜಿ ಸೂಜಿಯಿಂದ ಚುಚ್ಚಿ ಹಾಕುತ್ತಿದ್ದ ಬಣ್ಣ ಚರ್ಮದ ಒಳಪದರಕ್ಕೆ ಇಳಿದು ಕಡೆಯವರೆಗೂ ಜೊತೆಗಿರುತ್ತಿತ್ತು. ಗೋರಂಟಿ ಹೊರಪದರದಲ್ಲೇ ನಿಲ್ಲುತ್ತದೆ. ಆ ಪದರ ಸವೆದು ಹೊಸದು ಬಂದಂತೆ ಎರಡು ಮೂರು ವಾರದಲ್ಲಿ ಚಿತ್ತಾರ ಮಾಸುತ್ತದೆ. ಉಗುರಿನಲ್ಲಷ್ಟೇ ತಿಂಗಳುಗಟ್ಟಲೆ ಉಳಿದು, ಬುಡದಿಂದ ಬಿಳಿ ಬೆಳೆದಂತೆಲ್ಲ ತುದಿಗೆ ಸರಿಯುತ್ತದೆ. ಹೀಗೆ ಹೋಗಿಬಿಡುವ ಗುಣವೇ ನನ್ನ ಕೈಗೆ ಬಲ ಕೊಟ್ಟಿದ್ದು. ಹಚ್ಚೆಗೆ ವರ್ಷವಿಡೀ ಯೋಚಿಸುವವರು ನನ್ನ ಮುಂದೆ ಕೂತು, ಕೈ ಚಾಚಿ, "ನಿಮಗೆ ತೋಚಿದ್ದು ಬಿಡಿಸಿ ಅಕ್ಕ" ಎಂದುಬಿಡುತ್ತಾರೆ. ಗುರುತಿಲ್ಲದವರೂ ಅಂಗೈಯನ್ನು ಹೀಗೆ ಒಪ್ಪಿಸುತ್ತಾರಲ್ಲ, ಅದಕ್ಕಿಂತ ದೊಡ್ಡ ನೆಚ್ಚಿಕೆ ಯಾವ ಚಿತ್ರಗಾರನಿಗೆ ಸಿಕ್ಕೀತು?

ಆ ನೆಚ್ಚಿಕೆಗೆ ದ್ರೋಹ ಬಗೆಯುವುದು ಜಾತ್ರೆ, ಸಂತೆಗಳಲ್ಲಿ ಅರ್ಧ ಗಂಟೆಗೆ ಕಪ್ಪು ಬಣ್ಣ ಕೊಡುವ 'ಬ್ಲ್ಯಾಕ್ ಮೆಹಂದಿ'. ಗೋರಂಟಿಗೆ ಕಡುಗಪ್ಪು ಸ್ವಭಾವವೇ ಅಲ್ಲ. ಅಂಥ ಕೋನುಗಳಲ್ಲಿ ಎಷ್ಟೋ ಸಲ ಇರುವುದು ಪಿಪಿಡಿ, ತಲೆಗೂದಲಿನ ಡೈಗೆ ಬಳಸುವ ರಾಸಾಯನಿಕ. ಚರ್ಮಕ್ಕೆ ಹಚ್ಚಿದರೆ ಕೆಲವರಿಗೆ ಬೊಬ್ಬೆ ಎದ್ದು, ಬಿಡಿಸಿದ ಬಳ್ಳಿಯ ಆಕಾರದಲ್ಲೇ ಕಲೆ ಉಳಿಯುತ್ತದೆ. ಒಮ್ಮೆ ಅಲರ್ಜಿ ಹತ್ತಿದರೆ ಮುಂದೆ ಕೂದಲಿನ ಡೈ ಕೂಡ ಆಗಿಬರದು. ಹಸುಗೂಸುಗಳಿಗಂತೂ ಶುದ್ಧ ಗೋರಂಟಿಯನ್ನೂ ನಾನು ಹಾಕುವುದಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಆದ್ದರಿಂದ ಯಾರ ಮುಂದೆಯೇ ಕೈ ಚಾಚಿ, ಕೋನಿನೊಳಗೆ ಏನಿದೆ ಎಂದು ಕೇಳಿ. ಸೊಪ್ಪು, ಹುಳಿ, ಸಕ್ಕರೆ, ಎಣ್ಣೆ ಎಂದು ಧೈರ್ಯವಾಗಿ ಹೇಳಿದವರ ಹತ್ತಿರ ಹಾಕಿಸಿಕೊಳ್ಳಿ. ಬಣ್ಣ ಏರಲು ಒಂದು ರಾತ್ರಿ ಕೊಡಿ. ಮಾಸಿದ ಮೇಲೆ ಮತ್ತೆ ಬನ್ನಿ, ಹೊಸದೊಂದು ಬಳ್ಳಿ ಬಿಡಿಸೋಣ.