ಮೂರ್ತೆಯವನ ಮೊಮ್ಮಗ ಬಿಯರಿನ ಊರಿನಲ್ಲಿ

ಗಡಿನಾಡಿನವರಿಗೆ ಎರಡು ಭಾಷೆ, ಎರಡು ಸರಕಾರದ ಬಸ್ಸು ಇರುವ ಹಾಗೆ ಮದ್ಯದ ಪಂಚಾಂಗವೂ ಎರಡು. ಕೇರಳದಲ್ಲಿ ತಿಂಗಳ ಒಂದನೇ ತಾರೀಕು ಮದ್ಯದಂಗಡಿಗೆ ರಜೆ. ಸಂಬಳದ ಹಣ ಒಂದು ದಿನವಾದರೂ ಮನೆಯಲ್ಲಿ ಉಳಿಯಲಿ ಎಂಬ ಆಶಯ ಇರಬೇಕು. ತಲಪಾಡಿ ದಾಟಿದರೆ ಆ ರಜೆ ಇಲ್ಲ. 2025ರಲ್ಲಿ ಮಹಾನವಮಿ ಅಕ್ಟೋಬರ್ 1ಕ್ಕೆ, ವಿಜಯದಶಮಿ ಗಾಂಧಿ ಜಯಂತಿಯ ದಿನಕ್ಕೇ ಬಂತು. ಹಾಗಾಗಿ ಹಬ್ಬಕ್ಕೆ ನಮ್ಮ ಕಡೆ ಎರಡು ದಿನ ಬಾಗಿಲು, ಕರ್ನಾಟಕದಲ್ಲಿ ಒಂದೇ ದಿನ.

ಈ ಲೆಕ್ಕ ಹಾಕಿದವನು ಬ್ಯಾಂಕಿನ ಗುಮಾಸ್ತನಾದ ನಾನಲ್ಲ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಅಳಿಯ, ಅಕ್ಕನ ಮಗ. "ಮಾವ, ದಸರಕ್ಕೆ ಇಲ್ಲಿಯವರೆಲ್ಲ ಊರಿಗೆ ಹೋಗ್ತಾರೆ. ರಸ್ತೆ ಖಾಲಿ ಇರ್ತದೆ. ನೀವು ಬನ್ನಿ, ಬಿಯರು ಮಾಡುವ ಜಾಗವನ್ನೇ ತೋರಿಸ್ತೇನೆ" ಎಂದು ಫೋನಿನಲ್ಲಿ ಹೇಳಿದ. ಅಕ್ಕನಿಗೆ ಇದು ಸರಿಕಾಣಲಿಲ್ಲ. ನಮ್ಮ ಮನೆಯಲ್ಲಿ ದಸರ ಎಂದರೆ ಕುದ್ರೋಳಿ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ದೇವಸ್ಥಾನ ಬಿಟ್ಟು ಬಿಯರಿನಂಗಡಿಗೆ ಹೋಗುವುದೇ ಎಂದು ಅವಳು ಕೇಳಿದಳು. ಎರಡು ದಿನ ಸಿ.ಎಲ್. ಹಾಕಿ ಕಣ್ಣೂರು–ಬೆಂಗಳೂರು ರೈಲು ಹತ್ತಿದೆ.

ಅಕ್ಕ ಹಾಗೆ ಕೇಳಿದ್ದಕ್ಕೆ ಕಾರಣ ಉಂಟು. ನಮ್ಮದು ಮೂರ್ತೆಯ ಮನೆತನ. ಅಜ್ಜ ಕಳ್ಳು ಇಳಿಸುತ್ತಿದ್ದರು. ಮಲಯಾಳದಲ್ಲಿ ಇದಕ್ಕೆ ಚೆತ್ತು ಎನ್ನುತ್ತಾರೆ. ಗುರುಗಳು ಮದ್ಯ ವಿಷವೆಂದರು. ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ನಮ್ಮಂಥವರಿಗೇ ಹೇಳಿದರು. ಅವರ ಪಟ ಚಾವಡಿಯ ಗೋಡೆಯಲ್ಲಿ, ಅಜ್ಜನ ಕತ್ತಿ ಹಿಂಬದಿಯ ಜಗಲಿಯಲ್ಲಿ. ಅಪ್ಪನನ್ನು ಮರ ಹತ್ತಲು ಅಜ್ಜ ಬಿಡಲಿಲ್ಲ. ಅಪ್ಪ ಬೀಡಿ ಕಟ್ಟಿ ನನ್ನನ್ನು ಬಿ.ಎ. ಓದಿಸಿದರು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಜ್ಜ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಅಲ್ಲಿಗೆ ಮನೆಯ ಮೂರ್ತೆ ಮುಗಿಯಿತು.

ಬೆಂಗಳೂರಿಗೆ ಬಿಯರು ಹೊಸತಲ್ಲ. 1809ರಲ್ಲಿ ದಂಡುಪ್ರದೇಶ ಆದ ಮೇಲೆ ಬಿಳಿಯ ಸಿಪಾಯಿಗಳ ಬಾಯಾರಿಕೆಗೆ ಅದು ಬೇಕಾಯಿತು. ದಕ್ಷಿಣದ ಕೆಲವು ಬಿಯರ್ ಕಾರ್ಖಾನೆಗಳನ್ನು ಒಟ್ಟು ಸೇರಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಹುಟ್ಟಿತು. ಅದರಲ್ಲಿ ನೀಲಗಿರಿಯದೂ ಒಂದು. ಬಂಟ್ವಾಳ ಮೂಲದ ವಿಠಲ ಮಲ್ಯರು ಮುಂದೆ ಅದರ ಒಡೆಯರಾದರು. ಹಳೆಯ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಯು.ಬಿ. ಸಿಟಿಯ ಗೋಪುರಗಳು, ಎದುರಿನ ರಸ್ತೆಗೆ ಮಲ್ಯರ ಹೆಸರು. ಕಂಪೆನಿಯ ಹಿಡಿತ 2021ರಲ್ಲಿ ಹಾಲೆಂಡಿನ ಹೈನೆಕೆನ್‌ಗೆ ಹೋಯಿತು.

ಮೊದಲ ಸಂಜೆ ಅಳಿಯ ನನ್ನನ್ನು ರೆಸ್ಟ್ ಹೌಸ್ ರಸ್ತೆಯ ಪೆಕೋಸ್‌ಗೆ ಕರೆದುಕೊಂಡು ಹೋದ. ಬೆಂಗಳೂರಿಗೆ ಪಬ್ಬಿನ ಊರು ಎಂಬ ಹೆಸರು ಬಂದ ಕಾಲದ್ದು ಅದು, 1989ರದ್ದು. ಮರದ ಬೆಂಚು, ಮಂದ ಬೆಳಕು, ನನ್ನ ಕಾಲೇಜು ದಿನಗಳಿಗಿಂತಲೂ ಹಳೆಯ ಇಂಗ್ಲಿಷ್ ಹಾಡು. ಒಳಗೆ ಕೂತಾಗ ಯಾಕೋ ನಮ್ಮೂರಿನ ಕಳ್ಳು ಶಾಪಿನ ನೆನಪಾಯಿತು. ಬೆಂಚು ಹಾಗೆಯೇ, ಕತ್ತಲೆಯೂ ಹಾಗೆಯೇ. ಮರಗೆಣಸು, ಮೀನಿನ ಸಾರು ಮಾತ್ರ ಇಲ್ಲ.

ಆದರೆ ಅಳಿಯ ತೋರಿಸಬೇಕೆಂದಿದ್ದುದು ಬೇರೆ. ಹೋಟೆಲಿನೊಳಗೇ ಬಿಯರು ತಯಾರಿಸಿ ಅಲ್ಲೇ ಬಡಿಸುವ ಸಣ್ಣ ಬ್ರೂವರಿಗಳು 2010ರ ನಂತರ ಬೆಂಗಳೂರಿನಲ್ಲಿ ಒಂದೊಂದಾಗಿ ತೆರೆದವು. ಇಂದಿರಾನಗರದ ನೂರಡಿ ರಸ್ತೆಯ ಟಾಯ್ಟ್‌ನಲ್ಲಿ ಜಾಗಕ್ಕಾಗಿ ಅರ್ಧ ಗಂಟೆ ಕಾದೆವು. ರಸ್ತೆ ಖಾಲಿ ಎಂದವನ ಮುಖ ನೋಡಿದೆ. "ರಸ್ತೆ ಖಾಲಿ ಅಂದೆ ಮಾವ, ಇದು ಅಲ್ಲ" ಎಂದ. ಅಲ್ಲಿ ಬಾಸ್ಮತಿ ಅಕ್ಕಿ ಸೇರಿಸಿ ಮಾಡಿದ ಬಿಯರೂ ಉಂಟು. ಅಕ್ಕಿಯನ್ನು ಅನ್ನಕ್ಕೂ ಪಾಯಸಕ್ಕೂ ಬಳಸಿ ಗೊತ್ತಿದ್ದವನಿಗೆ ಇದು ಹೊಸ ವಿಷಯ. ಮರುದಿನ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್. ಅಲ್ಲಿ ಸಂಗೀತಕ್ಕೆ ವೇದಿಕೆ, ಓದುವುದಕ್ಕೆ ಪುಸ್ತಕಗಳ ಕಪಾಟು. ಮರದ ಹಲಗೆಯ ಮೇಲೆ ಔಷಧಿಯ ಅಳತೆಯ ಹಾಗೆ ಪುಟ್ಟ ಪುಟ್ಟ ಗ್ಲಾಸುಗಳಲ್ಲಿ ನಾಲ್ಕೈದು ಬಗೆ ತಂದಿಟ್ಟರು. ಗೋಧಿಯದ್ದರಲ್ಲಿ ಬಾಳೆಹಣ್ಣಿನ ವಾಸನೆ, ಕಪ್ಪಗಿನದ್ದರಲ್ಲಿ ಹುರಿದ ಕಾಫಿಯ ಕಹಿ. ನಾನು ಕುಡಿಯುವವನೂ ಅಲ್ಲ, ಕುಡಿಯದವನೂ ಅಲ್ಲ. ಗೋಧಿಯದ್ದು ಹಿಡಿಸಿತು.

ಬಿಲ್ಲು ನೋಡಿದ ಮೇಲೆ ನನ್ನೊಳಗಿನ ಗುಮಾಸ್ತ ಎಚ್ಚತ್ತ ಎನ್ನಿ. ಆದರೆ ನಾನು ಬಹಳ ಹೊತ್ತು ನೋಡಿದ್ದು ಬಿಲ್ಲನ್ನಲ್ಲ, ಗಾಜಿನ ಗೋಡೆಯನ್ನು. ಅದರ ಹಿಂದೆ ಬೆಳಗಿಟ್ಟ ಉಕ್ಕಿನ ದೊಡ್ಡ ಟ್ಯಾಂಕುಗಳು, ನಡುವೆ ರಬ್ಬರ್ ಬೂಟು ಹಾಕಿ ಓಡಾಡುವ ಹುಡುಗರು. ಗಿರಾಕಿಗಳು ಮಕ್ಕಳನ್ನು ಎತ್ತಿ ತೋರಿಸುತ್ತಿದ್ದರು. ನಮ್ಮಲ್ಲಿ ಕುಡಿಯುವವನೂ ಮರೆಯಲ್ಲಿ, ಇಳಿಸುವವನೂ ಮರೆಯಲ್ಲಿ. ಇಲ್ಲಿ ಮಾಡುವವನನ್ನು ದೀಪ ಹಾಕಿ ತೋರಿಸುತ್ತಾರೆ, ಮಾಸ್ಟರ್ ಎಂದು ಕರೆಯುತ್ತಾರೆ.

ಆಯುಧ ಪೂಜೆಯ ದಿನ ಅಳಿಯನ ಗೆಳೆಯನೊಬ್ಬ ಕೆಲಸ ಮಾಡುವ ಬ್ರೂವರಿಗೆ ಹೋದೆವು. ಊರ ಹೊರಗಿನದು, ಹೆಸರು ಬೇಡ. ಹಾಸನದ ಕಡೆಯ ಹುಡುಗ, ಮೂವತ್ತು ದಾಟಿಲ್ಲ. ಟ್ಯಾಂಕುಗಳಿಗೆಲ್ಲ ವಿಭೂತಿ ಪಟ್ಟೆ, ಕುಂಕುಮ, ಚೆಂಡುಹೂವಿನ ಮಾಲೆ. ಬಾಗಿಲಿಗೆ ಬಾಳೆಕಂದು. ಮಾಲ್ಟ್ ಪುಡಿ ಮಾಡುವ ಯಂತ್ರದ ಎದುರು ಬೂದುಗುಂಬಳ ಒಡೆದಿದ್ದರು. ಪ್ರಸಾದವೆಂದು ಮಂಡಕ್ಕಿ ಕೊಟ್ಟ ಕೈಯಿಂದಲೇ ಆತ ಒಂದು ಹಿಡಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನೂ ಕೊಟ್ಟ. ಜಗಿದರೆ ಸಿಹಿ.

ಕೆಲಸವನ್ನು ಚೆನ್ನಾಗಿ ವಿವರಿಸಿದ. ಪುಡಿ ಮಾಡಿದ ಬಾರ್ಲಿಯನ್ನು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿದ ರಸವನ್ನು ಹಾಪ್ಸ್ ಎಂಬ ಕಹಿ ಹೂವಿನೊಂದಿಗೆ ಕುದಿಸಿ, ತಣಿಸಿ, ಯೀಸ್ಟ್ ಹಾಕಿ ಬಿಡಬೇಕು. ಗೋಧಿಯ ಬಿಯರಿಗೆ ಎರಡು ವಾರ, ಲಾಗರಿಗೆ ತಿಂಗಳ ಮೇಲೆ. ಉಳಿದ ಚರಟ ದನಗಳಿಗೆ. "ಇವತ್ತು ರಜೆಯಲ್ಲವೋ?" ಎಂದು ಕೇಳಿದೆ. "ಯೀಸ್ಟಿಗೆ ಎಲ್ಲಿಯ ರಜೆ ಸಾರ್? ಪೂಜೆ ಹೊರಗೆ, ಒಳಗೆ ಅದು ಕೆಲಸ ಮಾಡ್ತಾನೇ ಇರುತ್ತೆ. ದಿನಕ್ಕೆ ಎರಡು ಸಲ ನೋಡ್ಲೇಬೇಕು" ಎಂದ.

ಆಗ ನಾನು ಅಜ್ಜನ ಕೆಲಸ ಹೇಳಿದೆ. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೂಳೆಯ ತುಂಡಿನಿಂದ ದಿನವೂ ಬಡಿಯಬೇಕು. ಜೋರಾದರೆ ಹೊಂಬಾಳೆ ಕೆಡುತ್ತದೆ, ಮೆಲ್ಲಗಾದರೆ ರಸ ಇಳಿಯುವುದಿಲ್ಲ. ತುದಿಯನ್ನು ಎಲೆಯಷ್ಟು ತೆಳ್ಳಗೆ ಕೆತ್ತಬೇಕು. ದಿನಕ್ಕೆ ಮೂರು ಸಲ ಮರ ಹತ್ತಬೇಕು. ಮಹಾನವಮಿಗೆ ಊರಿನವರ ಕತ್ತಿ, ಪುಸ್ತಕ ಎಲ್ಲ ಪೂಜೆಗೆ ಕೂತಾಗಲೂ ಅಜ್ಜನ ಕತ್ತಿಗೆ ಬಿಡುವಿರಲಿಲ್ಲ. ಒಂದು ಹೊತ್ತು ತಪ್ಪಿದರೆ ಮರ ಮುನಿಯುತ್ತದೆ ಎನ್ನುತ್ತಿದ್ದರು. ಬೆಲ್ಲಕ್ಕೆ ಬೇಕಾದ ಸಿಹಿರಸಕ್ಕೆ ಮಡಕೆಯ ಒಳಗೆ ಸುಣ್ಣ ಬಳಿಯುತ್ತಿದ್ದರು, ಕಳ್ಳಿಗಾದರೆ ಸುಣ್ಣವಿಲ್ಲ.

ಹುಡುಗ ಕೆಲಸ ನಿಲ್ಲಿಸಿ ಕೇಳಿದ. "ಯೀಸ್ಟ್ ಎಲ್ಲಿಂದ ತರ್ತಿದ್ರು ಸಾರ್?" ಎಂಬುದು ಅವನ ಪ್ರಶ್ನೆ. ಎಲ್ಲಿಂದಲೂ ಅಲ್ಲ, ಗಾಳಿಯಿಂದ, ಹಳೆಯ ಮಡಕೆಯ ತಳದ ಮಡ್ಡಿಯಿಂದ ಎಂದೆ. "ನಾವು ಪ್ಯಾಕೆಟ್ಟಿನಲ್ಲಿ ತರಿಸ್ತೀವಿ. ಥರ್ಮಾಮೀಟರೂ ಇಲ್ಲದೆ ದಿನಾ ಒಂದೇ ರುಚಿ ಬರಿಸೋದು ಸುಲಭ ಅಲ್ಲ ಸಾರ್" ಎಂದ. ನನ್ನ ಅಜ್ಜನ ಕೆಲಸದ ಬಗ್ಗೆ ಹೊರಗಿನವರೊಬ್ಬರು ಕೇಳಿ ತಿಳಿದುಕೊಂಡದ್ದು ಅದೇ ಮೊದಲು. ಅಳಿಯನೂ ಅದನ್ನೆಲ್ಲ ಅಲ್ಲಿಯೇ ಮೊದಲು ಕೇಳಿದ. ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಬರುವಾಗ ಕಾರಿನಲ್ಲಿ "ಅಜ್ಜನ ಕತ್ತಿ ಈಗ ಎಲ್ಲುಂಟು ಮಾವ?" ಎಂದು ಕೇಳಿದ.

ಇದರಿಂದ ಗುರುಗಳ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಆ ಮಾತಿಲ್ಲದಿದ್ದರೆ ನಾನು ಕೌಂಟರಿನ ಈಚೆ ಕೂರುತ್ತಿರಲಿಲ್ಲ. ಕುಡಿತದ ದೆಸೆಯಿಂದ ಅಡವಿಗೆ ಬರುವ ಬಳೆ, ಕರಿಮಣಿಗಳನ್ನು ತೂಗುವುದನ್ನು ದಿನವೂ ಕಾಣುತ್ತೇನೆ. ಅದೇ ನಾಡಿನಲ್ಲಿ ಮುತ್ತಪ್ಪನಿಗೆ ಕಳ್ಳೇ ನೈವೇದ್ಯ. ಗುರುಗಳಿಗೂ ಕೈಮುಗಿಯುತ್ತೇವೆ, ಮುತ್ತಪ್ಪನಿಗೂ ಕೈಮುಗಿಯುತ್ತೇವೆ. ಕುಡಿತವನ್ನು ಬಿಡಬೇಕೆಂದದ್ದು ಸರಿಯೇ. ಅದರ ಜೊತೆಗೆ ಮರ ಹತ್ತಿದವನ ವಿದ್ಯೆಯನ್ನೂ ನಾಚಿಕೆಯೆಂದು ಹಿಂಬದಿಯ ಜಗಲಿಗೆ ಹಾಕಿದೆವಲ್ಲ, ಅದನ್ನು ಗುರುಗಳು ಹೇಳಿರಲಿಲ್ಲ. ಅದೇ ವಿದ್ಯೆ ಇಂಗ್ಲಿಷ್ ಹೆಸರು ಹೊತ್ತು ಗಾಜಿನ ಹಿಂದೆ ನಿಂತಾಗ ನಮ್ಮ ಮಕ್ಕಳೇ ಟಿಕೇಟು ತೆಗೆದು ನಮ್ಮನ್ನು ನೋಡಲು ಕರೆಯುತ್ತಾರೆ.

ಕೇರಳದಲ್ಲಿ ಕಳ್ಳು ಕಾರ್ಮಿಕರಿಗೆ 1969ರ ಕಾಯಿದೆಯ ಕ್ಷೇಮನಿಧಿ ಉಂಟು. ಅದರ ಪಿಂಚಣಿಗೆ ಬರುವ ಮುದುಕರು ನಮ್ಮ ಶಾಖೆಯಲ್ಲೂ ಕೆಲವರಿದ್ದಾರೆ, ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಪಾದದ ಒಳಬದಿಯಲ್ಲಿ ತಳೆಯ ಹಗ್ಗ ಉಜ್ಜಿದ ಕಪ್ಪು ಗಂಟು ನೋಡಿದರೆ ಯಾರೆಂದು ತಿಳಿಯುತ್ತದೆ. ದಸರ ಕಳೆದ ವಾರ ಅವರಲ್ಲೊಬ್ಬರ ಖಾತೆಯ ವಿವರ ಹೊಸದಾಗಿ ತುಂಬಬೇಕಾಯಿತು. ಉದ್ಯೋಗದ ಕಾಲಂ ಬಂದಾಗ "ತೊಳಿಲ್?" ಎಂದು ಕೇಳಿದೆ. "ಕೂಲಿ ಎಂದು ಬರೆ ಮೋನೇ" ಎಂದರು. ನನ್ನ ಶಾಲೆಯ ದಾಖಲೆಗೂ ಅಜ್ಜ ಅದನ್ನೇ ಬರೆಸಿದ್ದರಂತೆ.

ನಾನು ಚೆತ್ತು ತೊಳಿಲಾಳಿ ಎಂದು ಬರೆದು ಗಟ್ಟಿಯಾಗಿ ಓದಿ ಹೇಳಿದೆ. ಅವರು ಹಿಂದೆ ಸಾಲಿನಲ್ಲಿದ್ದವರನ್ನೊಮ್ಮೆ ನೋಡಿದರು. ಆಮೇಲೆ "ನಲ್ವತ್ತೆರಡು ವರ್ಷ" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿ ಹೆಬ್ಬೆಟ್ಟು ಒತ್ತಿದರು.