ಕೀರವಾಣಿ ಅಲ್ಲ, ಮೊಲ

ಗಡ್ಡ ಹೆರೆದುಕೊಳ್ಳುವಾಗ ನಾನೊಂದು ರಾಗ ಗುನುಗುತ್ತೇನೆ. ಗುನುಗುತ್ತೇನೆ ಅನ್ನುವುದು ನನಗೇ ಗೊತ್ತಿರಲಿಲ್ಲ, ಎದುರುಮನೆಯ ರಾಯರು ಹೇಳಿದ ಮೇಲೆ ಗೊತ್ತಾಯಿತು. ರಾಯರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಪಿಟೀಲು ಕಲಿಯುತ್ತಿದ್ದಾರೆ. ಕಲಿತವರಿಗಿಂತ ಕಲಿಯುತ್ತಿರುವವರ ಕಿವಿ ಚುರುಕು, ಅದರಲ್ಲೂ ಬೇರೆಯವರ ತಪ್ಪಿಗೆ. ಅವರ ಬಾಲ್ಕನಿಗೂ ನಮ್ಮ ಬಚ್ಚಲಿನ ಕಿಟಕಿಗೂ ನಡುವೆ ಇರುವುದು ಎಂಟಡಿ ಓಣಿ. ಒಂದು ಬೆಳಿಗ್ಗೆ ಅಲ್ಲಿಂದಲೇ ಕೇಳಿದರು.

"ಏನ್ರೀ ಅದು, ದಿನಾ ಹಾಡ್ತೀರಲ್ಲ? ಕೀರವಾಣಿ ಥರ ಶುರುವಾಗತ್ತೆ, ಆಮೇಲೆ ಎಲ್ಲೋ ಹೋಗ್ಬಿಡತ್ತೆ. ಯಾರದು ರಚನೆ?"

ಮುಖದ ತುಂಬ ನೊರೆ. ಯೋಚನೆಯೇ ಮಾಡದೆ, "ಮೊಲದ್ದು ಸಾರ್" ಅಂದುಬಿಟ್ಟೆ.

ರಾಯರು ಒಳಗೆ ಹೋದರು. ಎರಡು ದಿನ ಮಾತಿಲ್ಲ.

ಅವರನ್ನು ಗೇಲಿ ಮಾಡಬೇಕು ಅಂತ ಹೇಳಿದ ಮಾತಲ್ಲ ಅದು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು. ನಮ್ಮೂರಿನ ಕೇಬಲ್ಲಿನವನು ಅದನ್ನು ಯಾವುದೋ ಮೂಲೆಯ ನಂಬರಿಗೆ ಹಾಕಿದ್ದ. ಅಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಟೀವಿ ಕಂಡರಾಗದು. ಭಾನುವಾರ ಒಂದು ದಿನ ನನ್ನನ್ನು ಬೈಯುವುದಕ್ಕೆಂದೇ ನಡುಮನೆಗೆ ಬಂದವರು ಬೈಯುವುದನ್ನು ಮರೆತು ನಿಂತರು. ಪರದೆಯ ಮೇಲೆ ಒಂದು ಮೊಲ ಒಬ್ಬ ಬೋಳುತಲೆಯವನಿಗೆ ಕ್ಷೌರ ಮಾಡುತ್ತಿತ್ತು. ತಲೆಗೆ ಕೈಯಲ್ಲಿ ಮಾಲೀಸು, ಆಮೇಲೆ ಕಾಲಲ್ಲಿ ಮಾಲೀಸು, ಅದೂ ವಾದ್ಯದ ಒಂದೊಂದು ಸ್ವರಕ್ಕೆ ಒಂದೊಂದು ಬೆರಳು ಇಳಿಯುವ ಹಾಗೆ. ಅದೇ ಬೋಳುತಲೆಯ ಮೇಲೆ ಹಣ್ಣು, ಕೆನೆ ಹಾಕಿ ಒಂದು ಸಾಲಡ್ಡೂ ತಯಾರಾಯಿತು. ಮೊಲ ಹಾವಾಡಿಗನ ವೇಷ ಹಾಕಿ ಪುಂಗಿ ಊದಿದರೆ ಕರೆಂಟಿನ ಶೇವಿಂಗ್ ಮಿಶಿನ್ನು ಹೆಡೆಯೆತ್ತಿ ಆಡಿತು. ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಅವರು ಹಾಗೆ ನಗುವುದನ್ನು ಅದಕ್ಕೆ ಮುಂಚೆ ನಾನು ನೋಡಿದ ನೆನಪಿಲ್ಲ.

ಮಾರನೇ ಬೆಳಿಗ್ಗೆ ಹಿತ್ತಿಲ ಕಿಟಕಿಗೆ ಕನ್ನಡಿ ಒರಗಿಸಿಕೊಂಡು ಸೆವೆನ್ ಓ ಕ್ಲಾಕ್ ಬ್ಲೇಡಿನಲ್ಲಿ ಗಡ್ಡ ಹೆರೆಯುತ್ತಾ ಅಪ್ಪ ಆ ರಾಗ ಗುನುಗುತ್ತಿದ್ದರು. ನನಗೆ ಅದು ಬಂದದ್ದು ಅಪ್ಪನಿಂದ, ಅಪ್ಪನಿಗೆ ಮೊಲದಿಂದ. ಮೊಲಕ್ಕೆ ಎಲ್ಲಿಂದ ಬಂತು ಅಂತ ತಿಳಿಯುವ ಹೊತ್ತಿಗೆ ಅಪ್ಪ ಇರಲಿಲ್ಲ.

ಆ ಕಾರ್ಟೂನಿನ ಹೆಸರು 'ರ್‍ಯಾಬಿಟ್ ಆಫ್ ಸೆವಿಲ್'. 1950ರಲ್ಲಿ ವಾರ್ನರ್ ಬ್ರದರ್ಸ್‌ಗಾಗಿ ಚಕ್ ಜೋನ್ಸ್ ಮಾಡಿದ್ದು. ಮೊಲ ಬಗ್ಸ್ ಬನ್ನಿ, ಬೋಳುತಲೆಯ ಬೇಟೆಗಾರ ಎಲ್ಮರ್ ಫಡ್. ಸಂಗೀತ ಹೊಂದಿಸಿದವನು ಕಾರ್ಲ್ ಸ್ಟಾಲಿಂಗ್. ಮೂಕಿಚಿತ್ರಗಳ ಕಾಲದಲ್ಲಿ ಕ್ಯಾನ್ಸಸ್ ಸಿಟಿಯ ಥಿಯೇಟರಿನಲ್ಲಿ ಆರ್ಗನ್ ನುಡಿಸಿಕೊಂಡಿದ್ದವನು. ಪರದೆಯ ಮೇಲೆ ಯಾರು ಜಾರಿಬಿದ್ದರೂ ಆ ಬೀಳುವಿಕೆಗೆ ಒಪ್ಪುವ ಚೂರು ಇವನ ಬೆರಳಲ್ಲಿ ತಯಾರಿರಬೇಕಿತ್ತು. ಆ ಚೂರುಗಳಲ್ಲಿ ಎಷ್ಟೋ ಹಳೆಯ ಒಪೆರಾಗಳವು. ಸತ್ತು ಎಷ್ಟೋ ಕಾಲವಾದ ಸಂಗೀತಗಾರನಿಗೆ ರಾಯಲ್ಟಿ ಕೊಡಬೇಕಾಗಿಲ್ಲ ಅನ್ನುವುದೂ ಕಾರ್ಟೂನಿನವರಿಗೆ ಗೊತ್ತಿತ್ತು. ಕಲೆಯ ಚರಿತ್ರೆಯಲ್ಲಿ ಈ ಮಾತನ್ನು ಮೆಲ್ಲಗೆ ಹೇಳುತ್ತಾರೆ.

ನಾನು ಗುನುಗುವುದು ರೊಸ್ಸಿನಿಯ 'ಬಾರ್ಬರ್ ಆಫ್ ಸೆವಿಲ್' ಒಪೆರಾದ ಓವರ್ಚರ್. ಪರದೆ ಏಳುವ ಮುಂಚೆ ವಾದ್ಯದವರು ನುಡಿಸುವ ಪೀಠಿಕೆ ಅನ್ನಿ. ಸೆವಿಲ್ಲಿನ ಕ್ಷೌರಿಕನ ಒಪೆರಾ ಅಂದಮೇಲೆ ಆ ಪೀಠಿಕೆಯಲ್ಲಿ ಕತ್ತಿ, ಕತ್ತರಿ, ನೊರೆ ಎಲ್ಲ ಇರಬೇಕು ಅಂತ ನಾನು ನಂಬಿದ್ದೆ. ಇದ್ದವು ಕೂಡ, ಕಿವಿಗೆ ಕೇಳುತ್ತಿದ್ದವು. ಆಮೇಲೆ ಓದಿದರೆ ಆ ಪೀಠಿಕೆಗೂ ಕ್ಷೌರಕ್ಕೂ ಸಂಬಂಧವೇ ಇಲ್ಲ! ರೊಸ್ಸಿನಿ ಮೊದಲು ಅದನ್ನು 1813ರಲ್ಲಿ ಒಬ್ಬ ರೋಮನ್ ಚಕ್ರವರ್ತಿಯ ಒಪೆರಾಕ್ಕೆ ಹಾಕಿದ್ದ. ಗಂಭೀರ ನಾಟಕ, ಯುದ್ಧ, ಸೆರೆ. ಆಮೇಲೆ 1815ರಲ್ಲಿ ನೇಪಲ್ಸಿನಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಒಪೆರಾಕ್ಕೆ ತುಸು ತಿದ್ದಿ ಮತ್ತೆ ಅದನ್ನೇ ಅಂಟಿಸಿದ. ಮಾರನೇ ವರ್ಷ ಕ್ಷೌರಿಕನಿಗೆ ಕೊಟ್ಟ. ಚಕ್ರವರ್ತಿಯಿಂದ ರಾಣಿಗೆ, ರಾಣಿಯಿಂದ ಕ್ಷೌರಿಕನಿಗೆ ಬಂದ ಅಂಗಿ 134 ವರ್ಷದ ಮೇಲೆ ಮೊಲಕ್ಕೆ ಸಿಕ್ಕಿತು. ನಾಲ್ವರಲ್ಲಿ ಅದು ಯಾರಿಗೆ ಚೆನ್ನಾಗಿ ಕೂತಿತು ಅಂತ ನನ್ನನ್ನು ಕೇಳಬೇಡಿ.

ಆ ಕ್ಷೌರಿಕನ ಮೊದಲ ರಾತ್ರಿಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. 1816ರ ಫೆಬ್ರವರಿ 20, ರೋಮಿನ ಆರ್ಜೆಂಟೀನಾ ಥಿಯೇಟರು. ರೊಸ್ಸಿನಿಗೆ ಇನ್ನೂ 24 ತುಂಬಿಲ್ಲ. ತುಂಬುವುದೂ ಕಷ್ಟವೇ, ಹುಟ್ಟಿದ್ದು ಫೆಬ್ರವರಿ 29. ಒಪೆರಾವನ್ನು ಬರೆದು ಮುಗಿಸಿದ್ದು ಎರಡು ಮೂರು ವಾರದಲ್ಲಿ. ಕಂಪನಿ ನಡೆಸುತ್ತಿದ್ದ ಡ್ಯೂಕು ನಾಲ್ಕು ದಿನದ ಹಿಂದಷ್ಟೇ ತೀರಿಕೊಂಡಿದ್ದ. ಅದೂ ಸಾಲದು ಅಂತ, ಇದೇ ಕಥೆಯನ್ನು ಪೈಸಿಯೆಲ್ಲೊ ಎಂಬ ಹಿರಿಯ 1782ರಲ್ಲೇ ಒಪೆರಾ ಮಾಡಿ ಹೆಸರು ಗಳಿಸಿದ್ದ. ಹಿರಿಯ ಇನ್ನೂ ಬದುಕಿದ್ದ, ಅವನ ಅಭಿಮಾನಿಗಳು ಗಂಟಲು ಸರಿಮಾಡಿಕೊಂಡೇ ಬಂದಿದ್ದರು. ಅವನಿಗೆ ಬೇಸರವಾಗದಿರಲಿ ಅಂತ ರೊಸ್ಸಿನಿ ತನ್ನ ಒಪೆರಾದ ಹೆಸರನ್ನೇ ಬದಲಾಯಿಸಿದ್ದ, ಉಪಯೋಗವಾಗಲಿಲ್ಲ.

ರೊಸ್ಸಿನಿ ಚಿನ್ನದ ಬಣ್ಣದ ಗುಂಡಿಯ ಸ್ಪ್ಯಾನಿಷ್ ಕೋಟು ಹಾಕಿಕೊಂಡು ಬಂದ. ಆ ಕೋಟಿಗೇ ಜನ ನಗಲು ಶುರುಮಾಡಿದರು. ನಾಯಕ ಗಾರ್ಸಿಯಾ ನಾಯಕಿಯ ಕಿಟಕಿಯ ಕೆಳಗೆ ನಿಂತು ಹಾಡುವುದಕ್ಕೆ ಗಿಟಾರು ಶ್ರುತಿ ಮಾಡುತ್ತಿದ್ದ ಹಾಗೆ ತಂತಿ ಪಟ್ ಅಂತ ಹರಿಯಿತು. ಬೆಸಿಲಿಯೋ ಪಾತ್ರದವನು ರಂಗಕ್ಕೆ ಬರುತ್ತಲೇ ಎಡವಿ ಮುಖ ಅಡಿಯಾಗಿ ಬಿದ್ದ, ಮೂಗಿನಲ್ಲಿ ರಕ್ತ. ಪಾಪ, ಅವನದು ದೊಡ್ಡ ಹಾಡು, ಚಾಡಿಮಾತು ಹೇಗೆ ಮೆಲ್ಲಗೆ ಹುಟ್ಟಿ ಬಿರುಗಾಳಿಯಾಗುತ್ತದೆ ಅನ್ನುವುದರ ಬಗ್ಗೆ. ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತಲೇ ಹಾಡಿದ. ಮೊದಲ ಅಂಕ ಮುಗಿಯುವ ಹೊತ್ತು, ಎಲ್ಲರೂ ರಂಗದ ಮೇಲೆ ಸೇರಿ ಹಾಡುತ್ತಿದ್ದಾರೆ, ಆಗ ಬಂತು ಬೆಕ್ಕು.

ಎಲ್ಲಿಂದ ಬಂತು, ಯಾರೂ ಕರೆದಿರಲಿಲ್ಲ. ಕ್ಷೌರಿಕನ ಪಾತ್ರದವನು ಈ ಕಡೆ ಅಟ್ಟಿದ, ಮುದಿ ಡಾಕ್ಟರ ಪಾತ್ರದವನು ಆ ಕಡೆ ಅಟ್ಟಿದ, ಅದು ಹೆಣ್ಣುಪಾತ್ರದ ಲಂಗದೊಳಕ್ಕೆ ನುಗ್ಗಿತು. ಸಭೆಯಲ್ಲಿ ಕೂತವರೆಲ್ಲ ಮಿಯಾಂವ್ ಅನ್ನತೊಡಗಿದರು. ರೋಮಿನ ಗಣ್ಯರು, ಮಾನ್ಯರು, ಮಿಯಾಂವ್.

ಆ ರಾತ್ರಿಯ ಬಗ್ಗೆ ಬರೆದಿಟ್ಟವರಲ್ಲಿ ಒಬ್ಬಳು ಅಂದು ನಾಯಕಿಯಾಗಿ ಹಾಡಿದ ಜೆಲ್ಟ್ರೂಡೆ ರಿಗೆಟ್ಟಿ ಜಾರ್ಜಿ. ಆಟ ಮುಗಿದ ಮೇಲೆ ರೊಸ್ಸಿನಿಯನ್ನು ಸಮಾಧಾನ ಮಾಡೋಣ ಅಂತ ಮನೆಗೆ ಹೋದರೆ ಆಸಾಮಿ ನಿದ್ದೆ ಹೊಡೆಯುತ್ತಿದ್ದನಂತೆ. ಎರಡನೇ ರಾತ್ರಿ ಥಿಯೇಟರಿಗೆ ಹೋಗಲೇ ಇಲ್ಲ. ಅವತ್ತು ಆಟ ಗೆದ್ದು, ಜನ ಪಂಜು ಹಿಡಿದು ಜೈಕಾರ ಹಾಕುತ್ತಾ ಮನೆಗೆ ಬಂದಾಗ, ಮನೆ ಸುಡುವುದಕ್ಕೇ ಬಂದರು ಅಂತ ಹೆದರಿ ಕುದುರೆ ಲಾಯದಲ್ಲಿ ಅಡಗಿದ ಅನ್ನುವ ಕಥೆಯೂ ಇದೆ.

ಹಾಗಾಗಿ ಒಪೆರಾಕ್ಕೆ ಕಾರ್ಟೂನಿನವರು ಅವಮಾನ ಮಾಡಿದರು ಅಂತ ಯಾರಾದರೂ ಹಣೆ ಗಂಟಿಕ್ಕಿದರೆ ನನಗೆ ಆ ಬೆಕ್ಕು ನೆನಪಾಗುತ್ತದೆ. ಮೊಲ ಬರುವುದಕ್ಕೆ 134 ವರ್ಷ ಮುಂಚೆ ಬೆಕ್ಕು ಬಂದುಹೋಗಿದೆ.

ಈ ಹಣೆಯ ಗಂಟು ತಡವಾಗಿ ಬಂದದ್ದು. 1600ರ ಆಸುಪಾಸಿನಲ್ಲಿ ಫ್ಲಾರೆನ್ಸಿನ ಕೆಲವು ಪಂಡಿತರು, ಗ್ರೀಕರು ನಾಟಕವನ್ನು ಇಡೀ ಹಾಡುತ್ತಿದ್ದರು ಅಂತ ನಂಬಿ ತಾವೂ ಹಾಗೇ ಮಾಡಹೋದರು, ಒಪೆರಾ ಹುಟ್ಟಿತು. ಅರಮನೆಯ ಮದುವೆ ಮುಂಜಿಗಳಲ್ಲಿ ಬೆಳೆಯಿತು. 1637ರಲ್ಲಿ ವೆನಿಸ್ಸಿನ ಸ್ಯಾನ್ ಕಸ್ಸಿಯಾನೋ ಥಿಯೇಟರು ದುಡ್ಡು ಕೊಟ್ಟವರಿಗೆಲ್ಲ ಬಾಗಿಲು ತೆರೆದ ಮೇಲೆ ಜನ ಅಲ್ಲಿ ತಿಂದರು, ಹರಟಿದರು, ಬೇಕಾದ ಹಾಡು ಬಂದಾಗ ಮಾತ್ರ ಕಿವಿ ಕೊಟ್ಟರು. ನಮ್ಮ ರಾಮನವಮಿ ಪೆಂಡಾಲಿನಲ್ಲಿ ಒಂದು ಕೈಯಲ್ಲಿ ಕೋಸಂಬರಿ ದೊನ್ನೆ, ಇನ್ನೊಂದು ಕೈಯಲ್ಲಿ ತಾಳ ಇರುವುದಿಲ್ಲವೇ, ಹಾಗೆ. ದೀಪ ಆರಿಸಿ, ವಾದ್ಯದವರನ್ನು ಕಣ್ಣಿಗೆ ಕಾಣದ ಗುಂಡಿಯಲ್ಲಿ ಕೂರಿಸಿ, ಎಲ್ಲರೂ ಬಾಯಿ ಮುಚ್ಚಿ ಕೂರಿ ಅಂದವನು ವ್ಯಾಗ್ನರ್. 1876ರಲ್ಲಿ ಬೈರಾಯ್ಟ್ ಊರಿನಲ್ಲಿ ತನ್ನದೇ ಥಿಯೇಟರು ಕಟ್ಟಿಸಿ ನಾಲ್ಕು ರಾತ್ರಿ, ಹೆಚ್ಚು ಕಡಿಮೆ 15 ಗಂಟೆಯ 'ರಿಂಗ್' ಆಡಿಸಿದ. ಅಲ್ಲೂ ಬೆಕ್ಕಿಗೆ ಸಮನಾದದ್ದು ಒಂದಿತ್ತು. ಲಂಡನ್ನಿನಲ್ಲಿ ಮಾಡಿಸಿದ ಘಟಸರ್ಪದ ಕುತ್ತಿಗೆ ಸಮಯಕ್ಕೆ ಬಂದು ಸೇರಲಿಲ್ಲ. ವಿಳಾಸ ತಪ್ಪಿ ಬೈರಾಯ್ಟ್ ಬದಲು ಬೈರೂತಿಗೆ ಹೋಯಿತು ಅಂತ ಒಂದು ಮಾತಿದೆ. ಮಾತು ನಿಜವೋ ಅಲ್ಲವೋ, ಸರ್ಪ ಮಾತ್ರ ಕುತ್ತಿಗೆಯಿಲ್ಲದೆ ರಂಗಕ್ಕೆ ಬಂತು.

ಚಕ್ ಜೋನ್ಸ್ ಈತನನ್ನೂ ಬಿಡಲಿಲ್ಲ. 1957ರ 'ವಾಟ್ಸ್ ಒಪೆರಾ, ಡಾಕ್?' ವ್ಯಾಗ್ನರನ ಆ 15 ಗಂಟೆಯನ್ನೂ ಇನ್ನೆರಡು ಮೂರು ಒಪೆರಾಗಳನ್ನೂ ಹಿಂಡಿ ಏಳು ನಿಮಿಷದೊಳಗೆ ಇಳಿಸಿದ ಕಷಾಯ. ಅದಕ್ಕೆ ಬೇಕಾದ ಹೆಚ್ಚಿನ ವಾರಗಳನ್ನು ಜೋನ್ಸನ ತಂಡದವರು ಇನ್ನೊಂದು ಕಾರ್ಟೂನಿನ ಲೆಕ್ಕದಲ್ಲಿ ಬರೆದು ಕದ್ದರು. ಬೇಟೆಗಾರ ಕೊಂಬಿನ ಶಿರಸ್ತ್ರಾಣ ಹಾಕಿ ಈಟಿ ಹಿಡಿದ, ಮೊಲ ಬಂಗಾರದ ಜಡೆಯ ನಾಯಕಿಯಾಗಿ ಕುಂಡಿ ದಪ್ಪಗಿನ ಬಿಳಿ ಕುದುರೆ ಏರಿ ಬಂತು. ನಗಿಸುವುದಕ್ಕೇ ಮಾಡಿದ್ದು, ಸರಿ. ಆದರೆ ಕೊನೆಗೆ ಬೇಟೆಗಾರ ಸತ್ತ ಮೊಲವನ್ನು ತೋಳಲ್ಲಿ ಎತ್ತಿಕೊಂಡು ಬೆಟ್ಟದ ಬೆಳಕಿನ ಕಡೆ ನಡೆಯುವಾಗ, ಮೊಲ ತಲೆಯೆತ್ತಿ ನಮ್ಮ ಕಡೆ ನೋಡಿ ಮಾತಾಡುವುದಕ್ಕೆ ಮುಂಚಿನ ಆ ಕೆಲವು ಕ್ಷಣ, ನನಗೆ ಗಂಟಲು ಕಟ್ಟುತ್ತದೆ. ನಲವತ್ತು ದಾಟಿದ ಗಂಡಸು, ಕಾರ್ಟೂನ್ ಮೊಲಕ್ಕೆ. ಹೆಂಡತಿ ನೋಡಿ ಎದ್ದು ಹೋಗುತ್ತಾಳೆ.

ಅಮೆರಿಕದವರಿಗೆ ಇದು ಬೇರೆ ಥರ ಕಂಡಿರಬೇಕು. ಅಲ್ಲಿ 1931ರಿಂದಲೇ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ ರೇಡಿಯೋದಲ್ಲಿ ಬರುತ್ತಿತ್ತು. ರಾಗ ಮೊದಲೇ ಗೊತ್ತು, ಮೊಲ ಆಮೇಲೆ ಬಂದು ನಗಿಸಿತು. ನಮಗೆ ಮೊಲವೇ ಮೂಲ. ಮೊದಲ ಸಲ ಆ ಓವರ್ಚರನ್ನು ಯಾವುದೋ ದೊಡ್ಡ ವಾದ್ಯವೃಂದ ಕಪ್ಪು ಕೋಟು ಹಾಕಿ ನುಡಿಸುವುದನ್ನು ಕಂಪ್ಯೂಟರಿನಲ್ಲಿ ನೋಡಿದಾಗ ನನಗೆ ಅನಿಸಿದ್ದು, ಇವರು ಮುಖ್ಯವಾದದ್ದನ್ನೇ ಬಿಟ್ಟಿದ್ದಾರಲ್ಲ. ಕುರ್ಚಿ ಎಲ್ಲಿ? ಮಾಲೀಸು ಎಲ್ಲಿ? ಅಪ್ಪ ಇದ್ದಿದ್ದರೆ ಅವರಿಗೂ ಹಾಗೇ ಅನಿಸುತ್ತಿತ್ತು.

ಮೂರನೇ ದಿನ ಟ್ಯಾಬ್ ಹಿಡಿದುಕೊಂಡು ರಾಯರ ಮನೆಗೆ ಹೋದೆ. ಕಾಫಿ ಕೊಟ್ಟರು, ಮುಖ ಕೊಡಲಿಲ್ಲ. ಕಾರ್ಟೂನ್ ಹಾಕಿದೆ. ಕಚೇರಿಗೆ ಕೂತವರ ಹಾಗೆ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರು.

"ಸಾರ್, ಕಣ್ಣು ಬಿಟ್ಟು ನೋಡಬೇಕು."

"ಆದಿತಾಳಕ್ಕೆ ಕೂತ್ಕೊಳ್ಳತ್ತೆ ಕಣ್ರೀ. ತಡೀರಿ."

ಎರಡನೇ ಸಲ ಕಣ್ಣು ಬಿಟ್ಟರು. ಕೊನೆಗೆ ಮೊಲ ಬೇಟೆಗಾರನನ್ನು ಮದುವೆಯಾಗಿ, ಹೆಣ್ಣಿನುಡುಪಿನಲ್ಲಿದ್ದ ಅವನನ್ನು ಮೇಲಿನಿಂದ ಒಂದು ಕೇಕಿನೊಳಕ್ಕೆ ಕೆಡವುತ್ತದೆ. ಕೇಕಿನ ಮೇಲೆ 'ಮ್ಯಾರೇಜ್ ಆಫ್ ಫಿಗರೊ' ಅಂತ ಬರೆದಿರುತ್ತದೆ. ಯಾಕೆ ಹಾಗೆ ಬರೆದಿದೆ ಅಂದರು. ಫಿಗರೊ ಅಂದರೆ ಅದೇ ಕ್ಷೌರಿಕ, ಬೋಮಾರ್ಶೆ ಅನ್ನುವ ಫ್ರೆಂಚ್ ನಾಟಕಕಾರ ಅವನ ಮೇಲೆ ನಾಟಕಗಳನ್ನು ಬರೆದ, ಎರಡನೆಯದು ಅವನ ಮದುವೆಯದು, ಆ ಎರಡನೆಯದನ್ನು ಮೊತ್ಸಾರ್ಟ್ 1786ರಲ್ಲೇ ಒಪೆರಾ ಮಾಡಿಬಿಟ್ಟಿದ್ದ, ಮೊದಲನೆಯದನ್ನು ರೊಸ್ಸಿನಿ ಮಾಡಿದ್ದು ಅದಾಗಿ 30 ವರ್ಷಕ್ಕೆ ಅಂತ ವಿವರಿಸಿದೆ.

"ಅಂದ್ರೆ ಮದುವೆ ಆದ್ಮೇಲೆ ಹೆಣ್ಣು ನೋಡೋ ಶಾಸ್ತ್ರ" ಅಂದರು ರಾಯರು. ಆಮೇಲೆ ಮೆಲ್ಲಗೆ, "ಆ ಕಾಲಲ್ಲಿ ತಲೆ ತಿಕ್ಕೋದು ಇನ್ನೊಂದ್ಸಲ ಹಾಕಿ."

ಈಗ ದಿನಾ ಬೆಳಿಗ್ಗೆ ಅವರು ಅದನ್ನೇ ಪಿಟೀಲಿನಲ್ಲಿ ನುಡಿಸುತ್ತಾರೆ, ಗಮಕ ಎಲ್ಲ ಹಾಕಿ. ಎರಡನೇ ಸಾಲಿನಲ್ಲಿ ಒಂದು ಕಡೆ ಬೆರಳು ಕೂರುವುದಿಲ್ಲ, ಅಲ್ಲಿಗೆ ಬಂದು ನಿಂತುಬಿಡುತ್ತಾರೆ. ನಾನು ಕತ್ತಿ ಎತ್ತಿಕೊಂಡು ಕಾಯುತ್ತೇನೆ. ನಿನ್ನೆ ಇದ್ದಕ್ಕಿದ್ದಂತೆ ಮುಂದಕ್ಕೆ ಹೋದರು. ಗದ್ದ ಕುಯ್ದುಕೊಂಡೆ.